ಗೇರ್ ಎಣ್ಣೆ, ಗೇರೆಣ್ಣೆ

ಸಾನಪಾಡಾದಲ್ಲಿ ಮೂರು ಹೊತ್ತೂ ಹೊರಗಿನದನ್ನೇ ತಿಂದು ಸೊರಗಿರುವ ನನ್ನ ಮೊಮ್ಮಗಳು ದಿಶಾಳಿಗೆ, ಡೊಂಬಿವಲಿಯಿಂದ ಅಜ್ಜಿಯ ಆಶೀರ್ವಾದ.

ನಿನಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ನನಗೆ ಊರಿನ ಶಾಲೆಯಲ್ಲಿ ಕಲಿತ ನಾಲ್ಕಕ್ಷರ ಬಿಟ್ಟರೆ ಬೇರೇನೂ ಬರುವುದಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನೀನು ಅರ್ಧಕ್ಕೇ ಕಟ್ ಮಾಡುತ್ತೀ. ಆದ್ದರಿಂದ ಇದನ್ನು ನಿನ್ನ ಅಮ್ಮ ಉಮಾವತಿ ಗಟ್ಟಿಯಾಗಿ ಓದಿ ವಾಟ್ಸಪ್ಪಿನಲ್ಲಿ ಕಳಿಸುತ್ತಾಳೆ. ಉಮಾವತೀ, ಅತ್ತೆ ಬರೆದದ್ದನ್ನು ನುಂಗದೆ ಓದು. ಸಾರಿಗೆ ಉಪ್ಪು ಮರೆತ ಹಾಗೆ ಸಾಲು ಮರೆಯಬೇಡ.

ಮೊದಲು ಸುದ್ದಿ. ನಿನ್ನ ಕಾರು ಕೊಳ್ಳಲು ಬಂದಿದ್ದ ಕಲ್ಯಾಣದ ಮನೀಷ್ ಇನ್ನು ಬರುವುದಿಲ್ಲ. ಓಡಿಸಿದ್ದು ನಾನೇ. ಕಿರುಚಬೇಡ, ಪೂರ್ತಿ ಕೇಳು.

ಸಿಗ್ನಲ್ಲಿನಲ್ಲಿ ನಿಂತು ಹೊರಡುವಾಗೆಲ್ಲ ನಿನ್ನ ಗಾಡಿ ಬಿಕ್ಕಳಿಸತೊಡಗಿತ್ತಲ್ಲ, ಆಗ ನೀನೇ ಹೇಳಿದ್ದು: "ಅಜ್ಜಿ, ಗೇರ್ ಎಣ್ಣೆ ಬದ್ಲಿ ಮಾಡ್ಬೇಕು. ಅಚ್ಛಾವಾಲಾ ಇಲ್ಲಿ ಸಿಗೋದಿಲ್ಲ." ಇದು ಆಟೋಮೆಟಿಕ್, ಗೇರು ತಾನಾಗಿಯೇ ಬದಲಾಗುತ್ತದೆ ಎಂದು ಹೊಗಳಿದವಳೂ ನೀನೇ. ಹಾಗಿದ್ದರೆ ಎಣ್ಣೆಯೂ ತಾನಾಗಿಯೇ ಬದಲಾಗಬೇಡವೇ ಎಂದು ನಾನು ಕೇಳಲಿಲ್ಲ. ನನ್ನ ಕಿವಿಗೆ ಬಿದ್ದದ್ದು ಗೇರೆಣ್ಣೆ. ಗೇರುಬೀಜದ ಸಿಪ್ಪೆಯಿಂದ ಇಳಿಸುವ ಕರಿ ಎಣ್ಣೆ. ನನ್ನ ತವರಿನಲ್ಲಿ ಹೆಂಚಿನ ಮಾಡಿನ ಮರದ ಪಕ್ಕಾಸಿಗೆ ಅದನ್ನು ಬಳಿದರೆ ಗೆದ್ದಲು ಹತ್ತಿರ ಸುಳಿಯುತ್ತಿರಲಿಲ್ಲ. ಕಾರಿನ ಹೊಟ್ಟೆಗೂ ಗೆದ್ದಲು ಹಿಡಿಯುವ ಕಾಲ ಬಂತೇ ಎಂದುಕೊಂಡು, ಕಾರ್ಕಳದ ತಮ್ಮ ವಸಂತಕುಮಾರನಿಗೆ ಹೇಳಿ ಬಸ್ಸಿನಲ್ಲಿ ಒಂದು ಡಬ್ಬಿ ತರಿಸಿದೆ.

ವರ್ತಕ ನಗರದ ಗ್ಯಾರೇಜಿನಲ್ಲಿ ಅದರ ಮುಚ್ಚಳ ತೆಗೆದಾಗ ನಮ್ಮ ಕಡೆಯವನೇ ಆದ ಮೆಕ್ಯಾನಿಕ್ ಕುಶಲ ಮೂಗು ಮುಚ್ಚಿಕೊಂಡು, "ಎಂಥ ಮಾರಾಯ್ರೆ ಅಜ್ಜಿ, ಇದು ಗೇರುಬೀಜದ್ದು! ನಮಗೆ ಬೇಕಾದ್ದು ಗೇರ್‌ಬಾಕ್ಸಿಂದು, ಕೆಂಪು ಬಣ್ಣದ್ದು" ಎಂದ. ನೀನು, "ಅಜ್ಜಿ, ಪ್ಲೀಸ್, ಡಬ್ಬಾ ಬಂದ್ ಕರೋ ನಾ!" ಎಂದು ಅಂಗಲಾಚಿದೆ. ನಕ್ಕೆಯೋ ಅತ್ತೆಯೋ, ಕಣ್ಣಲ್ಲಂತೂ ನೀರಿತ್ತು. ಆ ಎಣ್ಣೆಯ ಘಾಟೂ ಇರಬಹುದು.

ಆಮೇಲೆ ಆ ಕೆಂಪು ಎಣ್ಣೆಯನ್ನಾದರೂ ಹಾಕಿಸಬೇಕಿತ್ತು. ಅಷ್ಟರಲ್ಲಿ ನಿನ್ನ ಅಪ್ಪ ಜಯಶೀಲ ಪಂಡಿತನಾದ. "ಲೈಫ್‌ಟೈಮ್ ಆಯಿಲ್ ಅಂತ ಕಂಪೆನಿಯವರೇ ಹೇಳಿದ್ದು. ಬದಲಾಯಿಸುವ ಕೆಲಸವೇ ಇಲ್ಲ. ಗಾಡಿಯೇ ಸರಿ ಇಲ್ಲ, ಮಾರಿಬಿಡುವ." ಆಯುಷ್ಯವಿಡೀ ಬರುವ ಎಣ್ಣೆಯಂತೆ! ಯಾರ ಆಯುಷ್ಯ, ನನ್ನದೋ ಗಾಡಿಯದೋ? ನೀನೂ ಆಫೀಸಿನ ಸುಸ್ತಿನಲ್ಲಿ ಹೂಂ ಎಂದು, ಗಾಡಿಯನ್ನು ನಮ್ಮ ಬಿಲ್ಡಿಂಗಿನ ಕೆಳಗೆ ಬಿಟ್ಟು ರೈಲು ಹತ್ತಿದೆ.

ನಿನ್ನೆ ಮನೀಷ್ ಬಂದ. ನಿನ್ನ ಅಪ್ಪ ಕಾಗದಪತ್ರ ತರಲು ಮೇಲೆ ಹೋದ. ಹುಡುಗ ಬೆಂಚಿನ ಮೇಲೆ ಕೂತಿದ್ದ ನನ್ನನ್ನು ಕೇಳಿದ: "ಆಂಟೀಜಿ, ಗಾಡಿ ಮೇ ಕುಛ್ ಪ್ರಾಬ್ಲಮ್ ತೋ ನಹೀಂ?"

"ಕ್ಯಾ ಬೋಲೂಂ ಬೇಟಾ. ಗೇರ್ ಕೇ ವಾಸ್ತೇ ಗಾಂವ್ ಸೇ ತೇಲ್ ಲಾಯಾ. ಕಾಜೂ ಕಾ."

"ಕಾಜೂ ಕಾ? ಡಾಲ್ ದಿಯಾ ಕ್ಯಾ?" ಹಾಕಿಯೇಬಿಟ್ಟಿರಾ ಎಂದು ಹುಡುಗನ ಗಾಬರಿ.

ನಾನು ಆಕಾಶ ನೋಡಿ, "ಭಗವಾನ್ ಜಾನೇ" ಎಂದು ನಿಟ್ಟುಸಿರು ಬಿಟ್ಟೆ. ಒಂದಾದರೂ ಸುಳ್ಳಿದೆಯೇ ಹೇಳು? ಎಣ್ಣೆ ತಂದದ್ದು ನಿಜ, ಕಾಜೂವಿನದೆಂಬುದು ನಿಜ, ಭಗವಂತನಿಗೆ ಎಲ್ಲ ತಿಳಿದಿರುವುದೂ ನಿಜ. ನಿನ್ನ ಅಪ್ಪ ಇಳಿದು ಬರುವಷ್ಟರಲ್ಲಿ ಹುಡುಗ ಗೇಟು ದಾಟಿದ್ದ.

ಈಗ ಒಳಗಿನ ಮಾತು. ನನ್ನ ಮಂಡಿ ಸ್ಟೇಷನ್ನಿನ ಸೇತುವೆ ಹತ್ತಲಾರದು. ನಿನ್ನ ಅಪ್ಪ ನನ್ನನ್ನು ಹೊರಗೆ ಕರೆದೊಯ್ಯುವುದು ಡಾಕ್ಟರಲ್ಲಿಗೆ ಮಾತ್ರ, ಅದೂ ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ. ಕಾಯಿಲೆಯಿಲ್ಲದೆಯೂ ಕರೆದೊಯ್ದವಳು ನೀನೊಬ್ಬಳೇ. ಶನಿವಾರ ಬಂದರೆ ಮುಂದಿನ ಸೀಟಿನಲ್ಲಿ ಕೂರಿಸುತ್ತಿದ್ದೆ, ನೇರುಳದ ಕೆರೆಯ ಹತ್ತಿರ ಗಾಡಿ ನಿಲ್ಲಿಸಿ ಗುಲಾಬಿ ಹಕ್ಕಿಗಳನ್ನು ತೋರಿಸಿದೆ. ಹಿಂದೆ ಕೂತವರಿಗೆ ಊರು ಕಾಣುವುದಿಲ್ಲ ಮಗಾ, ಮಗನ ಬೋಳುತಲೆ ಕಾಣುತ್ತದೆ.

ಗಾಡಿ ಹೋದರೆ ಏನಾಗುತ್ತದೆಂದು ನನಗೆ ಗೊತ್ತು. ರೈಲಿನಲ್ಲಿ ನೂಕಿಸಿಕೊಂಡು ಒಂದೆರಡು ಶನಿವಾರ ಬರುತ್ತೀ. ಆಮೇಲೆ ಸುಸ್ತು ಎನ್ನುತ್ತೀ. ಆಮೇಲೆ ಚೌತಿಗೆ ಮಾತ್ರ ಬರುತ್ತೀ. ನಿನ್ನದು ತಪ್ಪಲ್ಲ, ಆ ರೈಲೇ ಹಾಗೆ. ಆದರೆ ಕಾಯುವವಳು ನಾನು.

ಕುಶಲನಿಗೆ ಫೋನ್ ಮಾಡಿಸಿದ್ದೇನೆ. "ಎಣ್ಣೆ ಹಳತಾಗಿ ಹೀಗಾದ್ದಾದ್ರೆ ಸರಿಯಾಗ್ತದೆ ಅಜ್ಜಿ, ಒಳಗೆ ಸವೆದಿದ್ರೆ ಇಲ್ಲ" ಎಂದ. ಈ ಶನಿವಾರ ಕೆಂಪು ಎಣ್ಣೆ ತರಿಸಿ ಹಾಕಲು ಒಪ್ಪಿದ್ದಾನೆ. ನಿನ್ನ ಅಪ್ಪನನ್ನು ನಾನು ಕೇಳಿಲ್ಲ, ಗಾಡಿ ಅವನದಲ್ಲ. ಎಣ್ಣೆ ಹಾಕಿದ ಮೇಲೂ ಬಿಕ್ಕಳಿಸಿದರೆ ಮಾರು. ಮನೀಷನನ್ನು ನಾನೇ ಕರೆಸಿ, ಚಹಾ ಕೊಟ್ಟು, ಗಾಡಿಯ ಹಣೆಬರಹವನ್ನೆಲ್ಲ ಸರಿಯಾಗಿ ಹೇಳುತ್ತೇನೆ.

ಬರುವುದಿಲ್ಲವೆಂದು ಮಾತ್ರ ಹೇಳಬೇಡ. ಕಾರಿನ ಕೀ ಎಲ್ಲಿ ಎಂದು ನಿನ್ನ ಅಪ್ಪ ಬೆಳಗಿನಿಂದ ಮಂಚದ ಕೆಳಗೆ ಹುಡುಕುತ್ತಿದ್ದಾನೆ. ಅದು ನನ್ನ ಸೆರಗಿನ ಗಂಟಿನಲ್ಲಿದೆ. ಉಮಾವತೀ, ಈ ಸಾಲನ್ನು ಮಾತ್ರ ಮೆಲ್ಲಗೆ ಓದು.

ನಿನ್ನ ದಾರಿಗೆ ಹಸಿರು ದೀಪವೇ ಸಿಗಲಿ, ಕೆಂಪು ಸಿಕ್ಕಿದರೆ ಬ್ರೇಕು ಹಿಡಿಯಲಿ.

ಮುಂದಿನ ಸೀಟಿನ ಹಕ್ಕುದಾರಳು,
ನಿನ್ನ ಅಜ್ಜಿ ರುಕ್ಮಿಣಿ