ಜಯಮಾಲಾಳ ವಿಳಾಸ

ಸಿಂದಗಿ

ಸುಮಂಗಲಾ, ನಿನ್ನ ಅತ್ತೆಯ ಆಶೀರ್ವಾದ.

ಇದು ಫೋನಿನಲ್ಲಿ ಹೇಳುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ವೆಬ್‌ಸೈಟಿನಿಂದ ಕಡಕ್ ರೊಟ್ಟಿ ತರಿಸುವ ಜಯಮಾಲಾಳ ಗಂಡ ನಿನ್ನೆ ಮನೆಗೆ ಬಂದಿದ್ದ. ಅವನ ಹೊಡೆತ ತಾಳದೆ ಅವಳು ಮನೆ ಬಿಟ್ಟದ್ದು ನಿನಗೂ ಗೊತ್ತು.

“ಆಕಿ ನಿಮ್ಮ ರೊಟ್ಟಿನ ತರಸ್ತಾಳ. ಪೆಟ್ಟಿಗಿ ಎಲ್ಲಿಗೆ ಕಳಸ್ತೀರಿ, ಹೇಳ್ರಿ” ಎಂದ.

“ಗಿರಾಕಿ ವಿಳಾಸ ಯಾರಿಗೂ ಕೊಡಂಗಿಲ್ಲಂತ ನನ್ನ ಸೊಸಿ ವೆಬ್‌ಸೈಟಿನ್ಯಾಗ ಬರದಾಳ. ಎದ್ದು ನಡಿ” ಎಂದೆ.

ನೀನು ಆ ಸಾಲುಗಳನ್ನು ಬರೆಯುವಾಗ, ರೊಟ್ಟಿ ಮಾರಲು ಇಷ್ಟೆಲ್ಲ ಯಾಕೆ ಎಂದು ಬೈದವಳು ನಾನೇ. ಚೆನ್ನಾಗಿ ಬರೆದಿದ್ದೀ.

ಈ ಪತ್ರ ಓದಿದ ಕೂಡಲೇ ಅವಳ ವಿಳಾಸ ಅಳಿಸಿಬಿಡು. ನನಗೆ ಬಾಯಿಪಾಠವಿದೆ. ಮುಂದಿನ ಪೆಟ್ಟಿಗೆಯನ್ನು ನಾನೇ ಬಸ್ಸಿನಲ್ಲಿ ಒಯ್ದು ಕೊಡುತ್ತೇನೆ.

ತವರಿನಲ್ಲಿ ಸಂಕೋಚಪಡದೆ ಹೊಟ್ಟೆ ತುಂಬ ಉಣ್ಣು.

ನಿನ್ನ ಅತ್ತೆ,
ಶಂಕ್ರೆವ್ವ