ಬೀರುವಿನಲ್ಲಿ ಉಳಿದ ಮುಲಾಮು

ಮಾಲೂರು
11-2-2025

ಪ್ರೀತಿಯ ಗಂಗಾಲಕ್ಷ್ಮಿ,

ನಿನ್ನ ಕಾಗದ ಬಂದು ತಿಂಗಳಾಯಿತು. ತಡವಾಯಿತೆಂದು ಬೈಯಬೇಡ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಮ್ಮ ಎರಡು ಕೋಣೆಯ ಮನೆಯಲ್ಲಿ ಅತ್ತೆಯ ಕಿವಿಗೆ ಬೀಳದ ಮಾತೇ ಇಲ್ಲ. ಅದಕ್ಕೇ ಶಾಲೆಯಲ್ಲಿ ಊಟದ ಬಿಡುವಿನಲ್ಲಿ ಕೂತು ಬರೆಯುತ್ತಿದ್ದೇನೆ.

ಒಂದು ಸಲ ಬಂದುಹೋದ ನಂದೀಶ್ ಮತ್ತೆ ಯಾಕೆ ಆಸ್ಪತ್ರೆಗೆ ಬರಲಿಲ್ಲ ಎಂದು ಕೇಳಿದ್ದೀಯ. ನನ್ನ ಗಂಡನ ಘನಕಾರ್ಯ ಕೇಳು.

ಸೋರಿಯಾಸಿಸ್ ಎಂದು ಗೊತ್ತಾದ ದಿನ ನಿಮ್ಮ ಡಾಕ್ಟರಮ್ಮ ಎಷ್ಟು ಬಿಡಿಸಿ ಹೇಳಿದರು! ನರ್ಸಮ್ಮನಾಗಿ ನೀನೂ ಪಕ್ಕದಲ್ಲೇ ನಿಂತಿದ್ದೆ. "ಇದು ಅಂಟೋ ರೋಗ ಅಲ್ಲ. ದಿನಾ ಎರಡು ಹೊತ್ತು ಮುಲಾಮು ಹಚ್ಚಿ. ಇಳೀತು ಅಂತ ನೀವೇ ನಿಲ್ಲಿಸ್ಬೇಡಿ." ನಮ್ಮ ಮಹಾಶಯರು ಒಳ್ಳೆಯ ಹುಡುಗನ ಹಾಗೆ ತಲೆಯಾಡಿಸಿದರು. ಇಪ್ಪತ್ತು ದಿನಕ್ಕೆ ತೋಳಿನ ಮೇಲಿನ ಚಕ್ಕೆ ಉದುರಿತು. ಅಷ್ಟೇ, ಮುಲಾಮು ಬೀರು ಸೇರಿತು.

"ಬೆನ್ನು ಇನ್ನೂ ಹಾಗೇ ಇದೆಯಲ್ಲ?" ಎಂದೆ.

"ಬೆನ್ನು ಯಾರ್ ನೋಡ್ತಾರೆ ಬಿಡೇ" ಎಂದರು.

ನರಸಾಪುರದ ಕಂಪನಿಯಲ್ಲಿ ಇವರ ಕೆಲಸ ಏನು ಗೊತ್ತಲ್ಲ? ತಯಾರಾದ ಮಾಲನ್ನು ಪರೀಕ್ಷಿಸುವುದು. ಕೂದಲೆಳೆಯಷ್ಟು ಗೀರು ಕಂಡರೂ ವಾಪಸು ಕಳಿಸುವ ಮನುಷ್ಯ, ತನ್ನ ಬೆನ್ನನ್ನು ಮಾತ್ರ ಪಾಸು ಮಾಡಿಬಿಟ್ಟರು!

ಆಮೇಲೆ ಕಂಪನಿ ಬಸ್ಸಿನಲ್ಲಿ ಯಾರೋ ಯಲ್ದೂರಿನ ನಾಟಿ ವೈದ್ಯ ಮುನಿಯಲ್ಲಪ್ಪನ ಹೆಸರು ಹೇಳಿದರು. ಆತ ಎಣ್ಣೆ ಕೊಡುತ್ತಾನಂತೆ. ನಾನೂ ಒಮ್ಮೆ ಜೊತೆಗೆ ಹೋಗಿದ್ದೆ. ತನ್ನ ತಲೆಯನ್ನು ಪರಪರ ಕೆರೆದುಕೊಳ್ಳುತ್ತಲೇ, "ರಕ್ತ ಕೆಟ್ಟೋಗೈತೆ ಸಾಮಿ, ಬದನೇಕಾಯಿ ಮುಟ್ಬೇಡಿ" ಎಂದ. ಡಾಕ್ಟರಮ್ಮನ ಮಾತಿಗೆ ಸಿಗದ ಭಕ್ತಿ ಆ ಬಾಟಲಿಗೆ ಸಿಕ್ಕಿತು. ಎರಡೇ ತಿಂಗಳಲ್ಲಿ ಎದೆ, ಬೆನ್ನು, ಸೊಂಟ ಎಲ್ಲ ಕೆಂಪಾಗಿ ಬಿರಿಯಿತು. ಬನಿಯನ್ನಿನ ತುಂಬ ರಕ್ತದ ಕಲೆ.

ಹೋದ ತಿಂಗಳು ಮುಳಬಾಗಿಲಿನಲ್ಲಿ ಮೈದುನನ ಗೃಹಪ್ರವೇಶ. ಮಾವ ಇಲ್ಲದ ಮನೆ, ಪೂಜೆಗೆ ಕೂರಬೇಕಾದ ಹಿರಿಯ ಮಗ ಇವರೇ. "ಅಂಗಿ ತೆಗೆದು ಕೂತ್ಕೊಳ್ಳಿ" ಎಂದರು ಪುರೋಹಿತರು. ಇವರು ಫೋನ್ ಬಂತೆಂದು ಎದ್ದು ಹೋದವರು ಊಟದ ಹೊತ್ತಿಗೇ ಬಂದದ್ದು. ವಾಪಸು ಬರುವಾಗ ಬಸ್ಸಿನಲ್ಲೇ ಅಂದುಬಿಟ್ಟೆ: "ಹಚ್ಕೊಳ್ಳೋಕೆ ಸೋಮಾರಿತನ, ಓಡೋಗೋಕೆ ಮಾತ್ರ ಕಾಲು ಚುರುಕು. ನೀವೂ ಒಬ್ಬ ಗಂಡಸಾ?"

ಕೋಲಾರ ಬರುವವರೆಗೂ ಕಿಟಕಿಯ ಆಚೆ ನೋಡುತ್ತಾ ಕೂತಿದ್ದರು.

ಕಳೆದ ವಾರ ರಜೆ ಹಾಕಿ, ಎರಡು ಅಂಗಿ ತುಂಬಿಕೊಂಡು ಹೊರಟೇಬಿಟ್ಟರು. "ಯಲ್ದೂರಿಗೆ, ಅಕ್ಕನ ಮನೆಗೆ ಹೋಗ್ತೀನಿ. ಇಪ್ಪತ್ತೊಂದು ದಿನ ಎಣ್ಣೆ ಹಚ್ಚಬೇಕಂತೆ." ಆ ಅಕ್ಕ ಕದಿರಮ್ಮನವರಿಗೆ ಬುದ್ಧಿ ಬೇಡವೇ? ಇವರು ಹೋದಮೇಲೆ ಬೀರು ತೆಗೆದರೆ ಅಲ್ಲಿ ಅರ್ಧ ಮುಗಿದ ಒಂದರ ಪಕ್ಕ ಇನ್ನೂ ಆರು ಟ್ಯೂಬು, ಆ ಆರರಲ್ಲಿ ಒಂದರ ಮುಚ್ಚಳವೂ ತೆಗೆದಿಲ್ಲ. ಇಂಥವರಿಗೆ ಔಷಧಿ ಬರೆಯುವ ನಿಮ್ಮ ಡಾಕ್ಟರಮ್ಮನನ್ನು ಕಂಡರೆ ಅಯ್ಯೋ ಅನಿಸುತ್ತದೆ.

ಹೋಗಲಿ. ನಿನ್ನ ಮಗಳು ಹತ್ತನೇ ಕ್ಲಾಸಿನ ಪರೀಕ್ಷೆಯನ್ನು ಹೆದರದೆ ಬರೆಯಲಿ. ನಿನ್ನ ಮನೆ ತಣ್ಣಗಿರಲಿ.

ನಿನ್ನ
ರಜನಿ

ಮಡಿಸಿದ ಕಾಗದ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ:

ಆ ಮೊದಲ ಇಪ್ಪತ್ತು ದಿನ ಅವರ ಬೆನ್ನಿಗೆ ಮುಲಾಮು ಹಚ್ಚುತ್ತಿದ್ದವಳು ನಾನೇ. ಕೊನೆಯ ದಿನ ಹಚ್ಚಿ ಮುಗಿಸಿ ಬಚ್ಚಲಲ್ಲಿ ಕೈ ತೊಳೆದೆ. ಸೋಪು ಹಾಕಿ, ಉಗುರಿನ ಸಂದಿಯೆಲ್ಲ ಉಜ್ಜಿ, ಮೂಸಿ ನೋಡಿ, ಮತ್ತೆ ಸೋಪು ಹಾಕಿದೆ. ತಿರುಗಿದರೆ ಅವರು ಬಾಗಿಲಲ್ಲಿ ನಿಂತಿದ್ದರು. ಮಾರನೆಯ ದಿನ ಟ್ಯೂಬು ಹಿಡಿದು ಕರೆದಾಗ ಬೇಡವೆಂದರು. ನನಗೆ ಹಗುರವಾಯಿತು ಗಂಗಾ. ಅದನ್ನೂ ಅವರು ನೋಡಿರಬೇಕು.

ಮೊನ್ನೆ ಭಾನುವಾರ ಬೈದು ಬರೋಣವೆಂದೇ ಯಲ್ದೂರಿಗೆ ಹೋದೆ. ಹಿತ್ತಲಲ್ಲಿ ಕದಿರಮ್ಮನವರು ತೆಲುಗಿನಲ್ಲಿ ಏನೋ ಹರಟುತ್ತಾ ತಮ್ಮನ ಬೆನ್ನಿಗೆ ಆ ದರಿದ್ರ ಎಣ್ಣೆ ತಿಕ್ಕುತ್ತಿದ್ದರು. ಮುಗಿದಮೇಲೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಅದೇ ಕೈಯಲ್ಲಿ ಕಡಲೆಕಾಯಿ ಸುಲಿದು ಬಾಯಿಗೆ ಹಾಕಿಕೊಂಡರು. ಇವರು ನಗುತ್ತಿದ್ದರು. ನಾನು ಕಾಣಿಸಿಕೊಳ್ಳದೆ ಬಸ್ಸು ಹತ್ತಿದೆ.

ಮುಂದಿನ ಸೋಮವಾರಕ್ಕೆ ಡಾಕ್ಟರಮ್ಮನ ಹತ್ತಿರ ಅವರ ಹೆಸರು ಬರೆಸಿಡು. ಅವರನ್ನು ಇನ್ನೂ ಕೇಳಿಲ್ಲ. ಹೇಗೆ ಕೇಳಬೇಕೋ ತಿಳಿಯುತ್ತಿಲ್ಲ.