ಅತ್ತೆಯ ಚೆಯ್ಫ್

ಓಲೊವೊ, ಶುಕ್ರವಾರ

ಜುಮ್ರೆತಕ್ಕಾ,

ಗಂಡನ ಮನೆ ಇನ್ನೂ ಹೊಸದು, ಚಳಿ ವಿಪರೀತ. ಸರಾಯೆವೊದಿಂದ ಹೊತ್ತುತಂದ ಕೆಮ್ಮು ಕಡಿಮೆಯಾಗಿದೆ. ಉಣ್ಣೆಯ ಕಾಲುಚೀಲ ಇನ್ನೊಂದು ಜೊತೆ ಕಳಿಸು.

ಇಲ್ಲಿಯೂ ನಮ್ಮ ಹಾಗೆಯೇ, ಬಂದರೂ ಬರಬಹುದಾದ ಅತಿಥಿಗೆಂದು ಒಂದು ಕಾಫಿ ಬಟ್ಟಲು ಹೆಚ್ಚಿಗೆ ಇಡುತ್ತಾರೆ. ನನ್ನ ಬಟ್ಟಲು ಬಿರುಕು ಬಿಟ್ಟಿತ್ತೆಂದು ಆ ಹೆಚ್ಚಿನ ಬಟ್ಟಲನ್ನೇ ಎತ್ತಿಕೊಂಡೆ. ಅದು ಹೋದ ಚಳಿಗಾಲ ತೀರಿಕೊಂಡ ಅತ್ತೆ ಹಸ್ನಿಯಾ ಅವರದೆಂದು ಆಮೇಲೆ ಗೊತ್ತಾಯಿತು.

ನಿನ್ನೆ ಸಕ್ಕರೆ ತುಂಡಿನ ಮೂಲೆಯನ್ನು ಕಾಫಿಗೆ ಅದ್ದಿ ಕಚ್ಚಿ, ಉಳಿದದ್ದನ್ನು ನಾಲಿಗೆಯಡಿ ಇಟ್ಟುಕೊಂಡು ಎಡಗಣ್ಣು ಮುಚ್ಚಿದೆ. ಮಾವ ಬಿಳಿಚಿಕೊಂಡರು.

"ಇದನ್ನ ಯಾರಮ್ಮ ನಿಂಗೆ ಕಲಿಸಿದ್ದು?"

"ಯಾರೂ ಇಲ್ಲ ಮಾವ, ನನ್ನ ಚೆಯ್ಫ್."

"ನಿಂದಲ್ಲ ಕಣಮ್ಮ. ಅವಳ್ದು."

ನನ್ನ ಗಂಡ ರೆಶಾದ್ ನಕ್ಕ. "ಬಿಡಪ್ಪಾ, ಕಾಫಿ ಕುಡಿಯೋಕೂ ಅಪ್ಪಣೆ ಬೇಕಾ!" ಆದರೆ ತನ್ನ ಬಟ್ಟಲನ್ನು ಕುಡಿಯದೆಯೇ ಕೆಳಗಿಟ್ಟ.

ನಮ್ಮಜ್ಜ ಹಿಮ ಬೀಳುವಾಗ ಹೊಸ್ತಿಲಲ್ಲಿ ಕೂತು ಕುಡಿಯುತ್ತಿದ್ದದ್ದು ನೆನಪಿದೆಯಾ? ಯಾಕೆಂದು ಕೇಳಿದರೆ "ಚೆಯ್ಫ್" ಅಂದರೆ ಮುಗಿಯಿತು. ಅವರವರ ರುಚಿ, ಅವರವರ ಸುಖ. ಅದು ಅವರ ಜೊತೆಗೇ ಹೋಗುತ್ತದೆ ಅಂದುಕೊಂಡಿದ್ದೆ.

ಇವತ್ತು ಬೆಳಿಗ್ಗೆ ಮಾವ ತಾವೇ ಕಾಫಿ ಕಾಯಿಸಿ ತಂದರು. "ಇನ್ನೊಂದು ಬಟ್ಟಲು ಕುಡಿ, ಹಸ್ನಿಯಾ" ಅಂದರು. ನಾನು ಓಗೊಟ್ಟೆ.

ಕಾರ್ಡಿನಲ್ಲಿ ಜಾಗ ಮುಗಿಯಿತು. ಅಕ್ಕಾ, ಕೂಡಲೇ ಬರೆ. ಅಲ್ಲಿದ್ದಾಗ ನಾನು ಕಾಫಿಯನ್ನು ಹೇಗೆ ಕುಡಿಯುತ್ತಿದ್ದೆ? ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.

ಇನ್ನೂ ನಿನ್ನ ತಂಗಿಯೇ,
ಶೆಫಿಕಾ